ಯುದ್ಧಕ್ಕೂ ಕಾನೂನಿದೆ: ಕುಂದೂಜ್ ಆಸ್ಪತ್ರೆಯಿಂದ ಎಐ ಡ್ರೋನ್‌ವರೆಗೆ

2015ರ ಅಕ್ಟೋಬರ್ 3ರ ಬೆಳಗಿನ ಜಾವ. ಉತ್ತರ ಅಫ್ಘಾನಿಸ್ತಾನದ ಕುಂದೂಜ್ ನಗರ ಐದು ದಿನದ ಹಿಂದಷ್ಟೇ ತಾಲಿಬಾನ್ ಕೈಗೆ ಹೋಗಿತ್ತು. ಅದನ್ನು ಮರಳಿ ಪಡೆಯಲು ಅಫ್ಘನ್ ಪಡೆಗಳು ಹೋರಾಡುತ್ತಿದ್ದವು. ಅವರ ಬೆನ್ನಿಗೆ ಅಮೆರಿಕದ ವಿಶೇಷ ಪಡೆ ಇತ್ತು. ಊರಿನಲ್ಲಿ ಬಹುತೇಕ ಕತ್ತಲು. ದೀಪ ಉರಿಯುತ್ತಿದ್ದ ಕೆಲವೇ ಕಟ್ಟಡಗಳಲ್ಲಿ ಎಂಎಸ್‌ಎಫ್ ಎಂಬ ಅಂತರರಾಷ್ಟ್ರೀಯ ವೈದ್ಯರ ಸಂಸ್ಥೆಯ ಆಸ್ಪತ್ರೆ ಒಂದು.

ಎರಡು ಗಂಟೆ ಎಂಟು ನಿಮಿಷಕ್ಕೆ ಅಮೆರಿಕದ ಎಸಿ-130 ಗನ್‌ಶಿಪ್ ಆ ಆಸ್ಪತ್ರೆಯ ಮುಖ್ಯ ಕಟ್ಟಡದ ಮೇಲೆ ಶೆಲ್ ಹಾರಿಸತೊಡಗಿತು. ಇದು ಒಂದೇ ಜಾಗದ ಮೇಲೆ ಸುತ್ತು ಹಾಕುತ್ತ, ಪಕ್ಕದಲ್ಲಿರುವ ಫಿರಂಗಿಗಳಿಂದ ಗುಂಡು ಹೊಡೆಯುವ ವಿಮಾನ. ಒಟ್ಟು 211 ಶೆಲ್ ಬಿದ್ದವು. ತೀವ್ರ ನಿಗಾ ಘಟಕದಲ್ಲಿದ್ದವರು ಎದ್ದು ಓಡುವ ಸ್ಥಿತಿಯಲ್ಲಿರಲಿಲ್ಲ, ಹಾಸಿಗೆಯಲ್ಲೇ ಸುಟ್ಟುಹೋದರು. 24 ರೋಗಿಗಳು, 14 ಸಿಬ್ಬಂದಿ, ರೋಗಿಗಳ ಜೊತೆಗೆ ಬಂದಿದ್ದ 4 ಜನ, ಹೀಗೆ 42 ಮಂದಿ ಸತ್ತರು.

ಇದು ಯುದ್ಧಾಪರಾಧವೇ? ಕೇಳಿದ ಕೂಡಲೇ ನಮ್ಮ ಮನಸ್ಸು ಹೌದು ಅನ್ನುತ್ತದೆ. ಅಮೆರಿಕದ ಸೇನೆ ತನಿಖೆ ಮಾಡಿ ಅಲ್ಲ ಅಂದಿತು. ಕಾನೂನು ಏನು ಹೇಳುತ್ತದೆ ಅಂತ ತಿಳಿಯಬೇಕಾದರೆ ಸತ್ತವರ ಸಂಖ್ಯೆಯಷ್ಟೇ ಸಾಲದು. ಗುಂಡು ಹಾರಿಸುವ ಮುಂಚೆ ಯಾರಿಗೆ ಏನು ಗೊತ್ತಿತ್ತು? ಗೊತ್ತಿಲ್ಲದ್ದನ್ನು ತಿಳಿದುಕೊಳ್ಳಲು ಅವರು ಎಷ್ಟು ಶ್ರಮಪಟ್ಟರು? ಯುದ್ಧದ ಕಾನೂನಿನ ಹೃದಯ ಇರುವುದು ಈ ಎರಡು ಪ್ರಶ್ನೆಗಳಲ್ಲಿ. ಡ್ರೋನ್, ಸೈಬರ್ ದಾಳಿ, ಎಐ ಬಂದ ಮೇಲೆ ಈ ಪ್ರಶ್ನೆಗಳು ಹಳೆಯದಾದವು ಅಂತ ಕೆಲವರು ಹೇಳುತ್ತಾರೆ. ನನ್ನ ಅಭಿಪ್ರಾಯ ಪೂರಾ ಉಲ್ಟಾ. ಅವು ಈಗ ಮೊದಲಿಗಿಂತ ಜಾಸ್ತಿ ಬೇಕು.

ಯಾರು ಸರಿ ಅನ್ನೋದು ಬೇರೆ ಪ್ರಶ್ನೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಯುದ್ಧ ಶುರು ಮಾಡಿದ್ದು ಸರಿಯೇ ತಪ್ಪೇ ಅನ್ನೋದಕ್ಕೆ ಒಂದು ಕಾನೂನಿದೆ. ಅದು ವಿಶ್ವಸಂಸ್ಥೆಯ ಸನ್ನದಿನಲ್ಲಿದೆ: ಇನ್ನೊಂದು ದೇಶದ ಮೇಲೆ ಬಲ ಪ್ರಯೋಗಿಸುವಂತಿಲ್ಲ, ಆತ್ಮರಕ್ಷಣೆಗೆ ಅಥವಾ ಭದ್ರತಾ ಮಂಡಳಿಯ ಒಪ್ಪಿಗೆ ಇದ್ದಾಗ ಮಾತ್ರ ಸಾಧ್ಯ. ಶುರುವಾದ ಯುದ್ಧವನ್ನು ಹೇಗೆ ಮಾಡಬೇಕು, ಏನು ಮಾಡಲೇಬಾರದು ಅನ್ನೋದಕ್ಕೆ ಇರುವುದು ಬೇರೆಯೇ ಕಾನೂನು. ಈ ಲೇಖನ ಇರುವುದು ಈ ಎರಡನೆಯದರ ಬಗ್ಗೆ.

ಇವೆರಡನ್ನು ಬೇರೆ ಇಟ್ಟಿರುವುದಕ್ಕೆ ಬಲವಾದ ಕಾರಣ ಇದೆ. ಯುದ್ಧ ಮಾಡುವ ಪ್ರತಿಯೊಬ್ಬರೂ ನ್ಯಾಯ ನಮ್ಮ ಕಡೆ ಇದೆ ಅಂತಲೇ ಹೇಳುತ್ತಾರೆ. ನ್ಯಾಯ ಇರುವವರಿಗೆ ಒಂದು ನಿಯಮ, ಇಲ್ಲದವರಿಗೆ ಇನ್ನೊಂದು ಅಂತ ಮಾಡಿದರೆ ಯಾರೂ ಯಾವ ನಿಯಮವನ್ನೂ ಪಾಲಿಸುವುದಿಲ್ಲ. ಹಾಗಾಗಿ ದಾಳಿ ಮಾಡಿದವನಿಗೂ ದಾಳಿಗೆ ಒಳಗಾದವನಿಗೂ ಒಂದೇ ನಿಯಮ. ಎದುರಾಳಿ ನಿಯಮ ಮುರಿದ ಅಂತ ನಾವೂ ಅವನ ಕಡೆಯ ನಾಗರಿಕರ ಮೇಲೆ ಬಾಂಬ್ ಹಾಕುವಂತಿಲ್ಲ. ಟಿವಿ ಚರ್ಚೆಗಳಲ್ಲಿ ಈ ಎರಡು ಪ್ರಶ್ನೆಗಳನ್ನು ಕಲಸಿಬಿಡುತ್ತಾರೆ. "ಶುರು ಮಾಡಿದ್ದು ಅವರು ತಾನೇ" ಅನ್ನುವ ಮಾತು ಆಸ್ಪತ್ರೆಯ ಮೇಲೆ ಬಿದ್ದ ಶೆಲ್‌ಗೆ ಉತ್ತರವೇ ಅಲ್ಲ.

ಈ ಕಾನೂನಿನ ಹುಟ್ಟಿನ ಕಥೆ ಬಹಳ ಜನಕ್ಕೆ ಗೊತ್ತು. 1859ರಲ್ಲಿ ಇಟಲಿಯ ಸೋಲ್ಫೆರಿನೊ ಯುದ್ಧಭೂಮಿಯಲ್ಲಿ ಗಾಯಗೊಂಡ ಸಾವಿರಾರು ಸೈನಿಕರು ಆರೈಕೆಯಿಲ್ಲದೆ ನರಳುವುದನ್ನು ಸ್ವಿಸ್ ವ್ಯಾಪಾರಿ ಹೆನ್ರಿ ಡ್ಯೂನಾಂಟ್ ಕಂಡರು. ಅದರಿಂದ ರೆಡ್ ಕ್ರಾಸ್ ಹುಟ್ಟಿತು, 1864ರಲ್ಲಿ ಮೊದಲ ಜಿನೀವಾ ಒಪ್ಪಂದ ಬಂತು. ಈಗ ಬಳಕೆಯಲ್ಲಿರುವುದು 1949ರ ಆಗಸ್ಟ್ 12ರ ನಾಲ್ಕು ಒಪ್ಪಂದಗಳು. ನೆಲದ ಮೇಲೆ ಗಾಯಗೊಂಡ ಸೈನಿಕರು, ಸಮುದ್ರದಲ್ಲಿ ಗಾಯಗೊಂಡವರು, ಯುದ್ಧ ಕೈದಿಗಳು, ನಾಗರಿಕರು, ಇವರಿಗೆ ಒಂದೊಂದು. ಜಗತ್ತಿನ ಎಲ್ಲ ದೇಶಗಳೂ ಇವಕ್ಕೆ ಸೇರಿವೆ. 1977ರಲ್ಲಿ ಎರಡು ಹೆಚ್ಚುವರಿ ಪ್ರೋಟೋಕಾಲ್‌ಗಳು, ಅಂದರೆ ಪೂರಕ ಒಪ್ಪಂದಗಳು, ಬಂದವು. ಅವಕ್ಕೆ ಭಾರತ, ಅಮೆರಿಕ, ಪಾಕಿಸ್ತಾನ, ಇಸ್ರೇಲ್ ಸೇರಿಲ್ಲ. ಆದರೂ ಅವುಗಳಲ್ಲಿನ ಮುಖ್ಯ ನಿಯಮಗಳು ರೂಢಿಯಿಂದ ಬಂದ ಕಾನೂನಾಗಿ ಎಲ್ಲರಿಗೂ ಅನ್ವಯಿಸುತ್ತವೆ. ಒಪ್ಪಂದಕ್ಕೆ ಸಹಿ ಹಾಕಿಲ್ಲ ಅಂದಮಾತ್ರಕ್ಕೆ ನಾಗರಿಕರನ್ನು ಗುರಿ ಮಾಡಬಹುದು ಅಂತ ಯಾವ ದೇಶವೂ ವಾದಿಸುವುದಿಲ್ಲ.

ಕುಂದೂಜ್‌ನಲ್ಲಿ ನಡೆಯುತ್ತಿದ್ದುದು ಎರಡು ದೇಶಗಳ ನಡುವಿನ ಯುದ್ಧವಲ್ಲ. ಸರ್ಕಾರ ಮತ್ತು ಅದರ ಮಿತ್ರರು ಒಂದು ಕಡೆ, ಸಶಸ್ತ್ರ ಗುಂಪು ಇನ್ನೊಂದು ಕಡೆ. ಇಂಥ ಆಂತರಿಕ ಸಂಘರ್ಷಕ್ಕೂ ನಾಲ್ಕು ಒಪ್ಪಂದಗಳಲ್ಲಿ ಒಂದೇ ರೀತಿಯಲ್ಲಿ ಬರುವ 3ನೇ ವಿಧಿ ಅನ್ವಯಿಸುತ್ತದೆ. ಹೋರಾಟದಲ್ಲಿ ಇಲ್ಲದವರನ್ನು, ಆಯುಧ ಕೆಳಗಿಟ್ಟವರನ್ನು, ಗಾಯಗೊಂಡು ಬಿದ್ದವರನ್ನು ಮನುಷ್ಯರಂತೆ ನಡೆಸಿಕೊಳ್ಳಬೇಕು ಅನ್ನೋದು ಅದರ ಸಾರ. ತಾಲಿಬಾನ್‌ಗೂ ಇದು ಅನ್ವಯಿಸುತ್ತಿತ್ತು.

ಆಸ್ಪತ್ರೆಯೊಳಗೆ ತಾಲಿಬಾನ್ ಇದ್ದರೆ?

ದಾಳಿಯ ಮರುದಿನವೇ ಒಂದು ವಾದ ಕೇಳಿಬಂತು. ಆಸ್ಪತ್ರೆಯೊಳಗೆ ತಾಲಿಬಾನಿಗಳು ಇದ್ದರಲ್ಲ? ಇದ್ದರು. ಗಾಯಗೊಂಡ ತಾಲಿಬಾನ್ ಹೋರಾಟಗಾರರಿಗೂ ಅಫ್ಘನ್ ಪಡೆಯವರಿಗೂ ಆ ಆಸ್ಪತ್ರೆ ಚಿಕಿತ್ಸೆ ಕೊಡುತ್ತಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಆಯುಧ ಒಳಗೆ ತರುವಂತಿಲ್ಲ ಅನ್ನೋದು ಅಲ್ಲಿನ ನಿಯಮ.

ಕಾನೂನು ಇಲ್ಲಿ ಬಹಳ ಸ್ಪಷ್ಟ. ಯುದ್ಧದಲ್ಲಿ ಗುರಿ ಮಾಡಬಹುದಾದದ್ದು ಹೋರಾಟಗಾರರನ್ನು ಮತ್ತು ಸೇನೆಗೆ ಉಪಯೋಗಕ್ಕೆ ಬರುವ ವಸ್ತುಗಳನ್ನು ಮಾತ್ರ. ನಾಗರಿಕರು, ಅವರ ಮನೆ, ಶಾಲೆ ಇವು ಗುರಿಯಲ್ಲ. ಆಸ್ಪತ್ರೆಗೆ ಇನ್ನೂ ಹೆಚ್ಚಿನ ರಕ್ಷಣೆ. ಗಾಯಗೊಂಡು ಹೋರಾಡಲಾಗದೆ ಮಲಗಿದ ಶತ್ರು ಸೈನಿಕ ಆ ಹೊತ್ತಿಗೆ ಗುರಿಯಲ್ಲ, ರೋಗಿ. ಅವನಿಗೆ ಚಿಕಿತ್ಸೆ ಕೊಟ್ಟ ಮಾತ್ರಕ್ಕೆ ಆಸ್ಪತ್ರೆ ತನ್ನ ರಕ್ಷಣೆ ಕಳೆದುಕೊಳ್ಳುವುದಿಲ್ಲ. ಅವನಿಂದ ತೆಗೆದಿಟ್ಟ ಬಂದೂಕು ಉಗ್ರಾಣದಲ್ಲಿ ಸಿಕ್ಕಿತು ಅಂದರೂ ಕಳೆದುಕೊಳ್ಳುವುದಿಲ್ಲ. ಇದೂ ಒಪ್ಪಂದದಲ್ಲೇ ಬರೆದಿರುವ ಮಾತು.

ಹಾಗಾದರೆ ಯಾವಾಗ ಕಳೆದುಕೊಳ್ಳುತ್ತದೆ? ಅದರ ಮಾಳಿಗೆಯಿಂದ ಗುಂಡು ಹಾರಿಸಿದರೆ, ಅದರೊಳಗೆ ಕಮಾಂಡ್ ಕೇಂದ್ರ ನಡೆಸಿದರೆ, ಮದ್ದುಗುಂಡು ಸಂಗ್ರಹಿಸಿದರೆ. ಆಗಲೂ ನೇರ ದಾಳಿ ಮಾಡುವಂತಿಲ್ಲ. ಮೊದಲು ಎಚ್ಚರಿಕೆ ಕೊಡಬೇಕು. ದುರುಪಯೋಗ ನಿಲ್ಲಿಸಲು ಸಮಯ ಕೊಡಬೇಕು. ಅದಾದ ಮೇಲೂ ನಿಲ್ಲದಿದ್ದರೆ ಮಾತ್ರ ದಾಳಿ, ಅದೂ ಒಳಗಿರುವ ರೋಗಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡು. ಕುಂದೂಜ್‌ನಲ್ಲಿ ಯಾವ ಎಚ್ಚರಿಕೆಯೂ ಇರಲಿಲ್ಲ. ಆ ಆವರಣದಿಂದ ವಿಮಾನದ ಮೇಲಾಗಲಿ, ಪಡೆಗಳ ಮೇಲಾಗಲಿ ಗುಂಡು ಹಾರಿದ್ದನ್ನು ವಿಮಾನದ ಸಿಬ್ಬಂದಿ ಕಂಡಿರಲೂ ಇಲ್ಲ.

ಲೆಕ್ಕ ಅಂದೆನಲ್ಲ, ಆ ನಿಯಮವನ್ನು ಬಹಳ ಜನ ತಪ್ಪಾಗಿ ತಿಳಿದಿದ್ದಾರೆ. ನಾಗರಿಕರು ಸತ್ತರೆ ಅದು ತಾನಾಗಿಯೇ ಯುದ್ಧಾಪರಾಧ ಅಲ್ಲ. ಸೇನಾ ಗುರಿಯ ಮೇಲೆ ದಾಳಿ ಮಾಡುವಾಗ ಅಕ್ಕಪಕ್ಕದ ನಾಗರಿಕರಿಗೆ ಆಗಬಹುದಾದ ಹಾನಿ, ಆ ದಾಳಿಯಿಂದ ಸಿಗುವ ನೇರ ಸೇನಾ ಲಾಭಕ್ಕೆ ಹೋಲಿಸಿದರೆ ಅತಿಯಾಗಿರಬಾರದು. ಒಂದು ಟ್ಯಾಂಕಿಗೆ ಎಷ್ಟು ಜೀವ ಅಂತ ಯಾವ ಪಟ್ಟಿಯೂ ಇಲ್ಲ. ದಾಳಿಗೆ ಮುಂಚೆ, ಆಗ ಸಿಗಬಹುದಾಗಿದ್ದ ಮಾಹಿತಿ ಇಟ್ಟುಕೊಂಡು, ವಿವೇಕ ಇರುವ ಒಬ್ಬ ಕಮಾಂಡರ್ ಏನು ಅಂದಾಜು ಮಾಡುತ್ತಿದ್ದ ಅನ್ನೋದೇ ಅಳತೆ. ಇದು ಸೇನೆಗಳಿಗೆ ಜಾಸ್ತಿ ಸಡಿಲ ಕೊಡುತ್ತದೆ ಅನ್ನುವ ದೂರು ನನಗೂ ಸರಿ ಅನ್ನಿಸುತ್ತದೆ. ಆದರೆ ಈ ಸಡಿಲದ ಬೆನ್ನಿಗೇ ಇನ್ನೊಂದು ಬಿಗಿ ನಿಯಮ ಇದೆ: ಮುನ್ನೆಚ್ಚರಿಕೆ. ಗುರಿ ನಿಜವಾಗಿ ಸೇನಾ ಗುರಿಯೇ ಅಂತ ಪರಿಶೀಲಿಸಲು ಸಾಧ್ಯವಿದ್ದದ್ದನ್ನೆಲ್ಲ ಮಾಡಬೇಕು. ಅನುಮಾನ ಬಂದರೆ ನಿಲ್ಲಿಸಬೇಕು. ಕುಂದೂಜ್ ಕಥೆ ಪೂರ್ತಿ ಈ ನಿಯಮದ ಕಥೆ.

ಆ ರಾತ್ರಿ ಆದದ್ದು

ಅಮೆರಿಕದ ಸೇನೆಯೇ ಬಿಡುಗಡೆ ಮಾಡಿದ ವಿವರಗಳನ್ನು ಓದಿದರೆ ಒಂದೊಂದು ಹಂತದಲ್ಲೂ ತಡೆಯಬಹುದಿತ್ತು ಅಂತ ಗೊತ್ತಾಗುತ್ತದೆ.

ಆಸ್ಪತ್ರೆ ತಾನು ಇರುವ ಜಾಗದ ಜಿಪಿಎಸ್ ಅಂಕಿಗಳನ್ನು ಎಲ್ಲ ಕಡೆಯವರಿಗೂ ಕೊಟ್ಟಿತ್ತು. ಕೊನೆಯ ಸಲ ಕೊಟ್ಟದ್ದು ಸೆಪ್ಟೆಂಬರ್ 29ಕ್ಕೆ, ದಾಳಿಗೆ ನಾಲ್ಕು ದಿನ ಮುಂಚೆ. ಅದು ದಾಳಿ ಮಾಡಬಾರದ ಜಾಗಗಳ ಪಟ್ಟಿಯಲ್ಲಿತ್ತು. ಆದರೆ ಆ ರಾತ್ರಿ ಇನ್ನೊಂದು ತುರ್ತು ಕರೆ ಬಂತು ಅಂತ ವಿಮಾನ ನಿಗದಿಗಿಂತ 69 ನಿಮಿಷ ಮುಂಚೆ ಹಾರಿತು. ಸಿಬ್ಬಂದಿಗೆ ಸರಿಯಾದ ವಿವರಣೆ ಸಿಗಲಿಲ್ಲ. ಪಟ್ಟಿ ವಿಮಾನದೊಳಗೆ ಬರಲೇ ಇಲ್ಲ. ಹಾರಿದ ಮೇಲೆ ಸಂದೇಶ, ವಿಡಿಯೊ ಕಳಿಸುವ ವ್ಯವಸ್ಥೆ ಕೆಟ್ಟಿತು.

ಹೊಡೆಯಬೇಕಾಗಿದ್ದದ್ದು ತಾಲಿಬಾನ್ ವಶದಲ್ಲಿದ್ದ ಅಫ್ಘನ್ ಗುಪ್ತಚರ ಇಲಾಖೆಯ ಕಟ್ಟಡವನ್ನು. ಅದು ಆಸ್ಪತ್ರೆಯಿಂದ ಸುಮಾರು 400 ಮೀಟರ್ ದೂರ. ತಮ್ಮ ಕಡೆ ಕ್ಷಿಪಣಿ ಬಂತು ಅಂತ ನಂಬಿ ವಿಮಾನ ದೂರ ಸರಿದಿತ್ತು, ಅಷ್ಟು ದೂರದಿಂದ ಉಪಕರಣಗಳು ನಿಖರವಾಗಿರಲಿಲ್ಲ. ಕೊಟ್ಟ ಅಂಕಿಗಳನ್ನು ಹಾಕಿದರೆ ಖಾಲಿ ಬಯಲು ತೋರಿಸಿತು. ಸಿಬ್ಬಂದಿ ಹತ್ತಿರದಲ್ಲಿ, ಬಾಯಿಮಾತಿನ ವರ್ಣನೆಗೆ ಹೊಂದುವ ದೊಡ್ಡ ಕಟ್ಟಡ ಹುಡುಕಿದರು. ಸಿಕ್ಕಿದ್ದು ಆಸ್ಪತ್ರೆ. ಆಮೇಲೆ ವಿಮಾನ ಹತ್ತಿರ ಬಂದಾಗ ಅದೇ ಅಂಕಿಗಳು ಸರಿಯಾದ ಕಟ್ಟಡವನ್ನೇ ತೋರಿಸಿದವು. ಆದರೂ ಕಣ್ಣಿಗೆ ಕಂಡ ವರ್ಣನೆಗೇ ಅಂಟಿಕೊಂಡರು. ಯಂತ್ರ ಒಂದು ಹೇಳುತ್ತಿದೆ, ನಮ್ಮ ನಂಬಿಕೆ ಇನ್ನೊಂದು ಹೇಳುತ್ತಿದೆ. ಕಾನೂನು ಹೇಳುವ ಅನುಮಾನ ಇದೇ. ನಿಲ್ಲಬೇಕಾಗಿದ್ದ ಜಾಗ ಇದೇ.

ಇನ್ನೂ ಒಂದು ಅವಕಾಶ ಇತ್ತು. ಗುಂಡು ಹಾರಿಸುವ ಒಂದು ನಿಮಿಷ ಮುಂಚೆ ಸಿಬ್ಬಂದಿ ಬಗ್ರಾಮ್ ವಾಯುನೆಲೆಯಲ್ಲಿದ್ದ ತಮ್ಮ ಸೇನೆಯ ಕೇಂದ್ರಕ್ಕೆ ತಾವು ಹೊಡೆಯಲಿರುವ ಕಟ್ಟಡದ ಅಂಕಿಗಳನ್ನು ತಿಳಿಸಿದರು. ಅವು ಆಸ್ಪತ್ರೆಯವೇ. ಕೇಂದ್ರದ ಕೈಯಲ್ಲಿ ಪಟ್ಟಿ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ಯಾರೂ ನೋಡಲಿಲ್ಲ.

ಎರಡು ಗಂಟೆ ಹತ್ತೊಂಬತ್ತು ನಿಮಿಷದ ಹೊತ್ತಿಗೆ ಎಂಎಸ್‌ಎಫ್‌ನವರು ಫೋನ್ ಮಾಡಿ, ನಮ್ಮ ಆಸ್ಪತ್ರೆಯ ಮೇಲೆ ದಾಳಿ ಆಗುತ್ತಿದೆ ಅಂತ ಹೇಳಿದರು. ತಪ್ಪಾಗಿದೆ ಅಂತ ಕೇಂದ್ರಕ್ಕೆ ಹೊಳೆದದ್ದು 2:37ಕ್ಕೆ. ಅಷ್ಟರಲ್ಲಿ ವಿಮಾನ ತನ್ನ ಕೆಲಸ ಮುಗಿಸಿ ನಿಲ್ಲಿಸಿತ್ತು. ಸೇನೆಯ ಪ್ರಕಾರ ದಾಳಿ ನಡೆದದ್ದು ಸುಮಾರು 29 ನಿಮಿಷ. ಎಂಎಸ್‌ಎಫ್ ಪ್ರಕಾರ ಸುಮಾರು ಒಂದು ಗಂಟೆ.

ತಪ್ಪು, ಅಪರಾಧ, ಇವೆರಡರ ನಡುವೆ

2016ರ ಏಪ್ರಿಲ್ 29ಕ್ಕೆ ಅಮೆರಿಕ ತನಿಖಾ ವರದಿ ಬಿಡುಗಡೆ ಮಾಡಿತು. ಸಿಬ್ಬಂದಿ ಯುದ್ಧದ ಕಾನೂನನ್ನು ಪಾಲಿಸಲಿಲ್ಲ ಅಂತ ಅದು ಒಪ್ಪಿತು. ಆದರೆ ಅದು ಆಸ್ಪತ್ರೆ ಅಂತ ಯಾರಿಗೂ ಗೊತ್ತಿರಲಿಲ್ಲ, ಉದ್ದೇಶ ಇರಲಿಲ್ಲ, ಹಾಗಾಗಿ ಯುದ್ಧಾಪರಾಧ ಅಲ್ಲ ಅಂದಿತು. 16 ಜನರ ಮೇಲೆ ಶಿಸ್ತುಕ್ರಮ ಆಯಿತು, ಅದರಲ್ಲಿ ಒಬ್ಬ ಜನರಲ್ ಕೂಡ ಇದ್ದರು. ಹುದ್ದೆಯಿಂದ ತೆಗೆದದ್ದು, ಛೀಮಾರಿ ಪತ್ರ, ತಿಳಿಹೇಳಿದ್ದು, ಇಷ್ಟೇ. ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ಇಲ್ಲ. ಸತ್ತವರ ಕುಟುಂಬಕ್ಕೆ 6,000 ಡಾಲರ್, ಗಾಯಗೊಂಡವರಿಗೆ 3,000 ಡಾಲರ್ ಸಾಂತ್ವನದ ಹಣ.

ನಿಯಮ ಮುರಿಯುವುದು ಬೇರೆ, ಯುದ್ಧಾಪರಾಧ ಬೇರೆ. ಮೊದಲನೆಯದಕ್ಕೆ ದೇಶ ಹೊಣೆ. ಎರಡನೆಯದಕ್ಕೆ ಒಬ್ಬ ಮನುಷ್ಯ ಜೈಲಿಗೆ ಹೋಗಬೇಕು, ಹಾಗಾಗಿ ಅವನ ಮನಸ್ಸಿನಲ್ಲಿ ಏನಿತ್ತು ಅಂತ ಸಾಬೀತಾಗಬೇಕು. ಇದು ಅಮೆರಿಕ ಹುಟ್ಟಿಸಿದ ನೆಪವಲ್ಲ, ಹಳೆಯ ನಿಯಮ. 1944ರಲ್ಲಿ ನಾರ್ವೆಯ ಉತ್ತರದ ಫಿನ್‌ಮಾರ್ಕ್‌ನಿಂದ ಹಿಂದೆ ಸರಿಯುವಾಗ ಜರ್ಮನ್ ಜನರಲ್ ಲೋಥಾರ್ ರೆಂಡುಲಿಕ್ ಅಲ್ಲಿನ ಊರುಗಳನ್ನು ಸುಡಿಸಿದ. ಸೋವಿಯತ್ ಸೇನೆ ಬೆನ್ನಟ್ಟಿ ಬರುತ್ತಿದೆ ಅಂತ ಅವನ ಅಂದಾಜು. ಅಂದಾಜು ತಪ್ಪಾಗಿತ್ತು, ಆ ಸುಡುವಿಕೆಯ ಅಗತ್ಯವೇ ಇರಲಿಲ್ಲ. ಆದರೂ 1948ರಲ್ಲಿ ನ್ಯೂರೆಂಬರ್ಗ್‌ನ ಅಮೆರಿಕನ್ ನ್ಯಾಯಮಂಡಳಿ ಆ ಒಂದು ಆರೋಪದಿಂದ ಅವನನ್ನು ಬಿಟ್ಟಿತು. ಆ ಹೊತ್ತಿನಲ್ಲಿ ಅವನಿಗೆ ಕಂಡ ಸ್ಥಿತಿಯನ್ನು ನೋಡಬೇಕು, ಆಮೇಲೆ ಗೊತ್ತಾದದ್ದನ್ನಲ್ಲ ಅಂದಿತು. ಬೇರೆ ಆರೋಪಗಳಲ್ಲಿ ಅವನಿಗೆ ಶಿಕ್ಷೆ ಆಯಿತು.

ಹಾಗಂತ "ಗೊತ್ತಿರಲಿಲ್ಲ" ಅನ್ನೋದು ಎಲ್ಲ ಬಾಗಿಲನ್ನೂ ಮುಚ್ಚುವುದಿಲ್ಲ. ಬೋಸ್ನಿಯಾದ ಸರಾಯೆವೊ ನಗರದ ಮುತ್ತಿಗೆಗೆ ಸಂಬಂಧಿಸಿದ, ಸರ್ಬ್ ಜನರಲ್ ಸ್ಟಾನಿಸ್ಲಾವ್ ಗಾಲಿಚ್ ಪ್ರಕರಣದಲ್ಲಿ ಹಿಂದಿನ ಯುಗೊಸ್ಲಾವಿಯಾಕ್ಕಾಗಿ ರಚಿಸಿದ್ದ ಅಂತರರಾಷ್ಟ್ರೀಯ ನ್ಯಾಯಮಂಡಳಿ 2003ರಲ್ಲಿ ಒಂದು ಮುಖ್ಯ ಮಾತು ಹೇಳಿತು. ನಾಗರಿಕರ ಮೇಲೆ ಬೇಕಂತಲೇ ದಾಳಿ ಅನ್ನೋದರಲ್ಲಿ, ಏನಾದರೂ ಆಗಲಿ ಅಂತ ಲೆಕ್ಕಿಸದೆ ಹೊಡೆಯುವುದೂ ಸೇರುತ್ತದೆ. ಬರೀ ಅಜಾಗರೂಕತೆ ಸಾಲದು, ಆದರೆ ಅಪಾಯ ಗೊತ್ತಿದ್ದೂ ಕಡೆಗಣಿಸಿದರೆ ಸಾಕು. ಈ ಅಳತೆ ಹಿಡಿದರೆ ಕುಂದೂಜ್‌ನ ಪ್ರಶ್ನೆ ತೆರೆದೇ ಇದೆ. ಅಂಕಿ ಒಂದು ಕಡೆ, ನಂಬಿಕೆ ಇನ್ನೊಂದು ಕಡೆ ಇದ್ದಾಗ ಹೊಡೆದದ್ದು ಅಜಾಗರೂಕತೆಯೇ, ಲೆಕ್ಕಿಸದಿರುವುದೇ? ಸ್ವತಂತ್ರ ನ್ಯಾಯಾಧೀಶರು ಅದನ್ನು ತೂಗಬೇಕಿತ್ತು. ತೂಗಲಿಲ್ಲ. ಇಂಥ ತನಿಖೆಗೆಂದೇ ಒಂದು ಅಂತರರಾಷ್ಟ್ರೀಯ ಸತ್ಯಶೋಧನಾ ಆಯೋಗ ಇದೆ, ಎಂಎಸ್‌ಎಫ್ ಅದನ್ನು ಕೋರಿತು. ಆಯೋಗ ಸಿದ್ಧವಿತ್ತು. ಆದರೆ ಸಂಬಂಧಪಟ್ಟ ದೇಶಗಳ ಒಪ್ಪಿಗೆ ಬೇಕು, ಅಮೆರಿಕವೂ ಅಫ್ಘಾನಿಸ್ತಾನವೂ ಕೊಡಲಿಲ್ಲ. ಈ ಕಾನೂನಿನ ದೊಡ್ಡ ಬಲಹೀನತೆ ನಿಯಮಗಳಲ್ಲಿ ಇಲ್ಲ, ಇಲ್ಲಿದೆ. ತಪ್ಪು ಮಾಡಿದವರೇ ತನಿಖೆ ಮಾಡಿ, ಅವರೇ ತೀರ್ಪನ್ನೂ ಕೊಡುತ್ತಾರೆ.

ಎಂಟು ಗಂಟೆ ನೋಡಿದರೂ

ಕುಂದೂಜ್‌ನಲ್ಲಿ ಸಮಯ ಇರಲಿಲ್ಲ, ಉಪಕರಣ ಕೆಟ್ಟಿತ್ತು ಅಂತ ಒಂದು ಸಮಜಾಯಿಷಿ ಕೊಡಬಹುದು. ಡ್ರೋನ್ ಇದ್ದರೆ ಹೀಗಾಗುತ್ತಿರಲಿಲ್ಲ ಅಂತ ಅನ್ನಿಸಬಹುದು, ಅಲ್ವಾ? ಗಂಟೆಗಟ್ಟಲೆ ಮೇಲಿಂದ ನೋಡಬಹುದು, ಪೈಲಟ್‌ನ ಜೀವಕ್ಕೆ ಅಪಾಯ ಇಲ್ಲ, ಗಡಿಬಿಡಿ ಇಲ್ಲ.

2021ರ ಆಗಸ್ಟ್ 29, ಕಾಬೂಲ್. ಮೂರು ದಿನ ಮುಂಚೆ ವಿಮಾನ ನಿಲ್ದಾಣದ ಹತ್ತಿರ ಆತ್ಮಾಹುತಿ ದಾಳಿ ನಡೆದು ಅಮೆರಿಕದ 13 ಸೈನಿಕರೂ ನೂರಕ್ಕೂ ಹೆಚ್ಚು ಅಫ್ಘನ್ನರೂ ಸತ್ತಿದ್ದರು. ಇನ್ನೊಂದು ದಾಳಿ ಬರುತ್ತದೆ ಅನ್ನುವ ಭಯ. ಒಂದು ಬಿಳಿ ಟೊಯೊಟಾ ಕೊರೊಲಾ ಕಾರನ್ನು ಡ್ರೋನ್ ಸುಮಾರು ಎಂಟು ಗಂಟೆ ಹಿಂಬಾಲಿಸಿತು. ಕಾರು ಕೆಲವು ಕಡೆ ನಿಂತಿತು, ಜನ ಹತ್ತಿ ಇಳಿದರು, ಏನೋ ತುಂಬಿಸಿದರು. ಸ್ಫೋಟಕ ಅಂದುಕೊಂಡರು. ಕಾರು ಒಂದು ಮನೆಯ ಅಂಗಳಕ್ಕೆ ಬಂದಾಗ ಕ್ಷಿಪಣಿ ಹಾರಿಸಿದರು. ಹತ್ತು ಜನ ಸತ್ತರು, ಅವರಲ್ಲಿ ಏಳು ಮಕ್ಕಳು. ಕಾರು ಓಡಿಸುತ್ತಿದ್ದವರು ಅಮೆರಿಕ ಮೂಲದ ಒಂದು ನೆರವು ಸಂಸ್ಥೆಯ ನೌಕರ. ತುಂಬಿಸಿದ್ದು ನೀರಿನ ಕ್ಯಾನ್.

ಸೆಪ್ಟೆಂಬರ್ 17ಕ್ಕೆ ಸೇನೆ ತಪ್ಪು ಒಪ್ಪಿಕೊಂಡಿತು. ಆಮೇಲಿನ ಪರಿಶೀಲನೆ ಹೇಳಿದ ಕಾರಣ ಗಮನಿಸಬೇಕು: ಮೊದಲೇ ನಂಬಿದ್ದಕ್ಕೆ ಹೊಂದುವಂತೆ ಕಂಡದ್ದನ್ನೆಲ್ಲ ಅರ್ಥಮಾಡಿಕೊಂಡರು. ಕ್ಷಿಪಣಿ ಹಾರಿಸುವ ಎರಡು ನಿಮಿಷ ಮುಂಚಿನ ವಿಡಿಯೊದಲ್ಲಿ ಅಲ್ಲಿ ಒಂದು ಮಗು ಇದ್ದದ್ದು ಕಾಣುತ್ತಿತ್ತು. ನೋಡುತ್ತಿದ್ದವರ ಕಣ್ಣಿಗೆ ಬೀಳಲಿಲ್ಲ. ಕಾನೂನು ಉಲ್ಲಂಘನೆ ಆಗಿಲ್ಲ ಅಂತ ಆ ಪರಿಶೀಲನೆ ಹೇಳಿತು, ಯಾರಿಗೂ ಶಿಕ್ಷೆ ಆಗಲಿಲ್ಲ.

ಈ ತೀರ್ಮಾನವನ್ನು ನಾನು ಒಪ್ಪಲಾರೆ. "ಸಾಧ್ಯವಿದ್ದದ್ದನ್ನೆಲ್ಲ ಮಾಡಬೇಕು" ಅಂತ ಕಾನೂನು ಹೇಳಿದಾಗ, ಯಾವುದು ಸಾಧ್ಯ ಅನ್ನೋದು ಕೈಯಲ್ಲಿರುವ ಸಾಧನದ ಮೇಲೆ ನಿಲ್ಲುತ್ತದೆ. ಬಂದೂಕು ಹಿಡಿದು ಓಡುತ್ತಿರುವ ಸೈನಿಕನಿಂದ ಕೇಳುವುದಕ್ಕೂ, ಎಂಟು ಗಂಟೆ ಕ್ಯಾಮೆರಾ ಹಿಡಿದು ಕೂತವರಿಂದ ಕೇಳುವುದಕ್ಕೂ ವ್ಯತ್ಯಾಸ ಇರಲೇಬೇಕು. ಒಳ್ಳೆಯ ಸಾಧನ ಇದ್ದವನ ಹೊಣೆ ಜಾಸ್ತಿ. ನಿಖರ ಆಯುಧ ಅಂದರೆ ಗುರಿ ಇಟ್ಟಲ್ಲಿಗೇ ಬೀಳುತ್ತದೆ ಅಂತ ಮಾತ್ರ ಅರ್ಥ. ಗುರಿ ಸರಿಯೇ ಅಂತ ಅದು ಹೇಳುವುದಿಲ್ಲ.

ಫೋನ್ ಹಿಡಿದ ನಾಗರಿಕ, ಮೋಡೆಮ್‌ನೊಳಗಿನ ಯುದ್ಧ

ನಾಗರಿಕ ಯಾರು, ಹೋರಾಟಗಾರ ಯಾರು ಅನ್ನುವ ಗೆರೆಯೂ ಈಗ ಮಸುಕಾಗುತ್ತಿದೆ. ನಾಗರಿಕನೊಬ್ಬ ಹೋರಾಟದಲ್ಲಿ ನೇರವಾಗಿ ಭಾಗವಹಿಸಿದರೆ, ಭಾಗವಹಿಸಿದಷ್ಟು ಹೊತ್ತು ಅವನಿಗಿದ್ದ ರಕ್ಷಣೆ ಹೋಗುತ್ತದೆ. ಸೇನೆಗೆ ಅಡುಗೆ ಮಾಡಿಕೊಟ್ಟರೆ ಅದು ನೇರ ಭಾಗವಹಿಸುವಿಕೆ ಅಲ್ಲ. ಸೇತುವೆಗೆ ಬಾಂಬ್ ಕಟ್ಟಿದರೆ ಹೌದು. ಇದು ಸುಲಭ. ಆದರೆ ಉಕ್ರೇನ್‌ನಲ್ಲಿ ಸರ್ಕಾರಿ ಸೇವೆಗಳ ಆ್ಯಪ್ ಮೂಲಕವೇ ಜನ ರಷ್ಯನ್ ಸೈನಿಕರ ಚಲನವಲನ ತಿಳಿಸುವ ವ್ಯವಸ್ಥೆ ಬಂತು. ಅಡುಗೆಮನೆ ಕಿಟಕಿಯಿಂದ ಟ್ಯಾಂಕಿನ ಫೋಟೊ ತೆಗೆದು ಕಳಿಸಿದ ಅಜ್ಜಿ ಈಗ ಯಾರು? ಆ ಫೋಟೊದಿಂದಲೇ ನಿರ್ದಿಷ್ಟ ದಾಳಿ ನಡೆದರೆ, ಕಳಿಸಿದಷ್ಟು ಹೊತ್ತು ಆಕೆ ಗುರಿಯಾಗಬಹುದು ಅಂತ ಕೆಲವು ತಜ್ಞರು ಹೇಳುತ್ತಾರೆ. ಇನ್ನು ಕೆಲವರು ಒಪ್ಪುವುದಿಲ್ಲ. ಕಳಿಸಿ ಫೋನ್ ಕೆಳಗಿಟ್ಟ ಮೇಲೆ ಆಕೆ ಮತ್ತೆ ನಾಗರಿಕಳೇ ಅನ್ನೋದರಲ್ಲಿ ಅನುಮಾನ ಇಲ್ಲ. ನನ್ನ ಚಿಂತೆ ಇರುವುದು ಆ ಸರ್ಕಾರಗಳ ಬಗ್ಗೆ. ಜನರ ಕೈಗೆ ಇಂಥ ಗುಂಡಿ ಕೊಡುವಾಗ, ಅದನ್ನು ಒತ್ತಿದರೆ ಏನು ಅಪಾಯ ಅಂತಲೂ ಹೇಳಬೇಕು. ಸುಮ್ನೆ ದೇಶಪ್ರೇಮದ ಮಾತಾಡಿ ಬಿಡುವಂತಿಲ್ಲ. ಮನೆಯಲ್ಲಿ ಕೂತು ಶತ್ರುದೇಶದ ವೆಬ್‌ಸೈಟ್ ಹ್ಯಾಕ್ ಮಾಡುವ ಸ್ವಯಂಸೇವಕರಿಗೆಂದು ರೆಡ್ ಕ್ರಾಸ್‌ನ ಅಂತರರಾಷ್ಟ್ರೀಯ ಸಮಿತಿಯ ಕಾನೂನು ತಜ್ಞರು 2023ರಲ್ಲಿ ಎಂಟು ನಿಯಮ ಬರೆದರು. ಆಸ್ಪತ್ರೆಯ ಕಂಪ್ಯೂಟರ್ ಮುಟ್ಟಬೇಡಿ ಅನ್ನೋದು ಅದರಲ್ಲಿ ಒಂದು.

ಸೈಬರ್ ದಾಳಿಗೆ ಈ ಕಾನೂನು ಅನ್ವಯಿಸುತ್ತದೆ ಅಂತ ಹೆಚ್ಚಿನ ದೇಶಗಳು ಒಪ್ಪುತ್ತವೆ. ಜಗಳ ಇರುವುದು ವಿವರಗಳಲ್ಲಿ. 2022ರ ಫೆಬ್ರವರಿ 24ರಂದು, ರಷ್ಯಾ ಉಕ್ರೇನ್ ಮೇಲೆ ಪೂರ್ಣ ದಾಳಿ ಶುರು ಮಾಡುವ ಸುಮಾರು ಒಂದು ಗಂಟೆ ಮುಂಚೆ, ವಯಾಸ್ಯಾಟ್ ಕಂಪನಿಯ ಉಪಗ್ರಹ ಇಂಟರ್‌ನೆಟ್ ಜಾಲದ ಮೇಲೆ ದಾಳಿ ನಡೆಯಿತು. ಉಕ್ರೇನ್ ಸೇನೆ ಆ ಜಾಲ ಬಳಸುತ್ತಿತ್ತು, ಹಾಗಾಗಿ ಅದನ್ನು ಸೇನಾ ಗುರಿ ಅನ್ನಬಹುದು. ಆದರೆ ಯುರೋಪಿನ ಸಾವಿರಾರು ಮನೆಗಳ ಮೋಡೆಮ್‌ಗಳೂ ಸತ್ತವು. ಜರ್ಮನಿಯಲ್ಲಿ ಸುಮಾರು 5,800 ಗಾಳಿಯಂತ್ರಗಳನ್ನು ದೂರದಿಂದ ನೋಡಿಕೊಳ್ಳುವ ಸಂಪರ್ಕ ತಪ್ಪಿತು. ಮೋಡೆಮ್ ಕೆಟ್ಟರೆ ಅದು ಕಾನೂನಿನ ಲೆಕ್ಕದಲ್ಲಿ ಹಾನಿಯೇ, ಬರೀ ತೊಂದರೆಯೇ? ಬ್ಯಾಂಕಿನ ದಾಖಲೆ, ಆಸ್ಪತ್ರೆಯ ರೋಗಿಗಳ ಫೈಲ್ ಅಳಿಸಿದರೆ ಅದು ನಾಗರಿಕರ ವಸ್ತುವಿನ ಮೇಲಿನ ದಾಳಿಯೇ? ವಸ್ತು ಅಂದರೆ ಮುಟ್ಟಲು ಸಿಗಬೇಕು ಅನ್ನುವವರು ಇದ್ದಾರೆ. ಜನರ ಬದುಕೇ ದಾಖಲೆಗಳ ಮೇಲೆ ನಿಂತಿರುವಾಗ ಈ ವಾದ ನನಗೆ ಒಪ್ಪಿಗೆಯಾಗುವುದಿಲ್ಲ.

ಕೈಯೆತ್ತಿದವನನ್ನು ಯಂತ್ರ ಗುರುತಿಸುತ್ತದೆಯೇ?

ಶರಣಾದವನನ್ನು ಕೊಲ್ಲುವಂತಿಲ್ಲ. ಇದು ಈ ಕಾನೂನಿನ ಅತ್ಯಂತ ಹಳೆಯ ನಿಯಮಗಳಲ್ಲಿ ಒಂದು. ಉಕ್ರೇನ್ ಯುದ್ಧದಲ್ಲಿ ಸೈನಿಕರು ಡ್ರೋನ್‌ಗೆ ಶರಣಾದ ಘಟನೆಗಳು ನಡೆದಿವೆ. ಡ್ರೋನ್‌ಗೆ ಹೇಗೆ ಶರಣಾಗಬೇಕು, ಅದು ತೋರಿಸಿದ ದಾರಿಯಲ್ಲಿ ಹೇಗೆ ನಡೆಯಬೇಕು ಅಂತ ಉಕ್ರೇನ್ ರಷ್ಯನ್ ಸೈನಿಕರಿಗೆ ಸೂಚನೆಗಳನ್ನೂ ಪ್ರಕಟಿಸಿತು. ಅಲ್ಲಿ ಕ್ಯಾಮೆರಾದ ಇನ್ನೊಂದು ತುದಿಯಲ್ಲಿ ಮನುಷ್ಯ ಇದ್ದ. ಕೈಯೆತ್ತಿದ್ದನ್ನು ನೋಡಿ ನಿಲ್ಲಿಸಿದ.

ಈಗ ಎರಡೂ ಕಡೆ ರೇಡಿಯೊ ಸಂಕೇತವನ್ನು ಜಾಮ್ ಮಾಡುತ್ತಾರೆ. ಗುರಿಯ ಹತ್ತಿರ ಬಂದಾಗ ಡ್ರೋನ್ ಮತ್ತು ಅದನ್ನು ನಡೆಸುವವನ ಸಂಪರ್ಕ ಕಡಿಯುತ್ತದೆ. ಅದಕ್ಕೇ ಕೊನೆಯ ಕೆಲವು ನೂರು ಮೀಟರ್ ಡ್ರೋನ್ ತಾನೇ ಚಿತ್ರ ನೋಡಿ ಗುರಿಯನ್ನು ಹಿಡಿದು ಹೋಗುವ ತಂತ್ರ ಬಂದಿದೆ. ಆ ಕೊನೆಯ ಕ್ಷಣಗಳಲ್ಲಿ ಸೈನಿಕ ಬಂದೂಕು ಎಸೆದು ಕೈಯೆತ್ತಿದರೆ? ಮಗುವೊಂದು ಅಡ್ಡ ಬಂದರೆ? ನಿಲ್ಲಿಸಲು ಯಾರೂ ಇಲ್ಲ. ಗುರಿಗಳನ್ನು ಹುಡುಕಿಕೊಡುವ ಎಐಯ ತೊಂದರೆ ಇನ್ನೊಂದು ರೀತಿಯದು. ಅದು ದಿನಕ್ಕೆ ನೂರಾರು ಹೆಸರು, ಕಟ್ಟಡ ತೋರಿಸಬಲ್ಲದು. ಒಂದೊಂದನ್ನೂ ಪರಿಶೀಲಿಸಬೇಕಾದ ಅಧಿಕಾರಿಗೆ ಸಿಗುವ ಸಮಯ ಕಡಿಮೆಯಾಗುತ್ತ ಹೋಗುತ್ತದೆ. ಕೊನೆಗೆ ಅವನು ಪರಿಶೀಲಿಸುವುದನ್ನು ಬಿಟ್ಟು ಒಪ್ಪಿಗೆ ಒತ್ತುವವನಾಗುತ್ತಾನೆ. ಕಾನೂನಿನ ಆ ಎರಡು ಪ್ರಶ್ನೆಗಳಿಗೆ, ಏನು ಗೊತ್ತಿತ್ತು, ತಿಳಿಯಲು ಏನು ಮಾಡಿದೆ ಅನ್ನೋದಕ್ಕೆ, ಉತ್ತರ ಹೇಳಲು ಮನುಷ್ಯನೇ ಉಳಿಯುವುದಿಲ್ಲ.

2023ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಮತ್ತು ರೆಡ್ ಕ್ರಾಸ್ ಸಮಿತಿಯ ಅಧ್ಯಕ್ಷೆ ಒಟ್ಟಾಗಿ, 2026ರೊಳಗೆ ಇದಕ್ಕೊಂದು ಒಪ್ಪಂದ ಆಗಬೇಕು ಅಂತ ಕೇಳಿದರು. ಆ ವರ್ಷದ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಸ್ವಯಂಚಾಲಿತ ಆಯುಧಗಳ ಬಗ್ಗೆ ನಿರ್ಣಯ ಮಾಡಿತು. 152 ದೇಶಗಳು ಪರ, 4 ವಿರುದ್ಧ. ವಿರುದ್ಧ ಮತ ಹಾಕಿದವರಲ್ಲಿ ಭಾರತವೂ ಇತ್ತು. ಈ ವಿಷಯವನ್ನು ಈಗಾಗಲೇ ಚರ್ಚಿಸುತ್ತಿರುವ ಜಿನೀವಾದ ವೇದಿಕೆಯಲ್ಲೇ ಮುಂದುವರಿಸಬೇಕು ಅನ್ನೋದು ಭಾರತದ ನಿಲುವು. ಅಲ್ಲಿ ಎಲ್ಲರೂ ಒಪ್ಪಿದರೆ ಮಾತ್ರ ಏನಾದರೂ ಆಗುತ್ತದೆ. ಹಾಗಾಗಿ ವರ್ಷಗಳಿಂದ ಮಾತು ಮಾತಾಗಿಯೇ ಉಳಿದಿದೆ.

ನಮ್ಮ ಕಡೆಯ ಲೆಕ್ಕ

ಇದೆಲ್ಲ ಕಾಗದದ ಮೇಲಿನ ಮಾತು, ಯಾರು ಪಾಲಿಸುತ್ತಾರೆ ಅಂತ ಕೇಳುವವರಿಗೆ ಕೊಡಗಿನವರಿಗೆ ಚೆನ್ನಾಗಿ ಗೊತ್ತಿರುವ ಒಂದು ಘಟನೆ ಹೇಳಬೇಕು. 1965ರ ಯುದ್ಧದಲ್ಲಿ ಜನರಲ್ ಕಾರ್ಯಪ್ಪನವರ ಮಗ, ವಾಯುಪಡೆಯ ಕೆ.ಸಿ. ಕಾರ್ಯಪ್ಪ, ವಿಮಾನ ಉರುಳಿ ಪಾಕಿಸ್ತಾನದ ಕೈಗೆ ಸಿಕ್ಕರು. ವಿಭಜನೆಗೆ ಮುಂಚೆ ಕಾರ್ಯಪ್ಪನವರ ಜೊತೆ ಸೇನೆಯಲ್ಲಿದ್ದ ಅಯೂಬ್ ಖಾನ್ ಆಗ ಪಾಕಿಸ್ತಾನದ ಅಧ್ಯಕ್ಷ. ಮಗನನ್ನು ಬಿಡುವುದಾಗಿ ಅವರು ತಿಳಿಸಿದರು. ಸೆರೆಸಿಕ್ಕವರೆಲ್ಲರೂ ನನ್ನ ಮಕ್ಕಳೇ, ಇವನೊಬ್ಬನಿಗೆ ವಿಶೇಷ ಬೇಡ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ ಅನ್ನುವ ಅರ್ಥದಲ್ಲಿ ಕಾರ್ಯಪ್ಪ ಉತ್ತರ ಕೊಟ್ಟರು. 1966ರ ಜನವರಿಯಲ್ಲಿ ಮಗ ಉಳಿದ ಕೈದಿಗಳ ಜೊತೆಗೇ ಬಂದರು. ಮೂರನೇ ಜಿನೀವಾ ಒಪ್ಪಂದ ಕೇಳುವುದೂ ಇದನ್ನೇ, ಯಾರ ಮಗ ಅಂತ ನೋಡದೆ ಎಲ್ಲ ಕೈದಿಗಳಿಗೂ ಒಂದೇ ಮರ್ಯಾದೆ. 2019ರ ಫೆಬ್ರವರಿಯಲ್ಲಿ ವಿಂಗ್ ಕಮಾಂಡರ್ ಅಭಿನಂದನ್ ಅವರ ಕಣ್ಣಿಗೆ ಬಟ್ಟೆ ಕಟ್ಟಿದ ವಿಡಿಯೊ ಬಂದಾಗ ಭಾರತ ಎತ್ತಿ ಹಿಡಿದದ್ದೂ ಇದೇ ಒಪ್ಪಂದವನ್ನು. ಕೈದಿಯನ್ನು ಜನರ ಮುಂದೆ ಪ್ರದರ್ಶನಕ್ಕೆ ಇಡುವಂತಿಲ್ಲ ಅಂತ ಅದರ 13ನೇ ವಿಧಿ ಹೇಳುತ್ತದೆ.

ಭಾರತದಲ್ಲಿ ಇದಕ್ಕೆ ಸ್ವಂತ ಕಾಯ್ದೆಯೂ ಇದೆ, 1960ರ ಜಿನೀವಾ ಒಪ್ಪಂದಗಳ ಕಾಯ್ದೆ. ಘೋರ ಉಲ್ಲಂಘನೆಗೆ ಹದಿನಾಲ್ಕು ವರ್ಷದವರೆಗೆ ಜೈಲು, ರಕ್ಷಣೆ ಇರುವವರನ್ನು ಬೇಕಂತಲೇ ಕೊಂದರೆ ಮರಣದಂಡನೆ ಅಥವಾ ಜೀವಾವಧಿ. ಆದರೆ ಅದರ 17ನೇ ಕಲಮಿನ ಪ್ರಕಾರ ಸರ್ಕಾರವೇ ದೂರು ಕೊಟ್ಟರೆ ಮಾತ್ರ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಬಹುದು. ಕುಂದೂಜ್‌ನಲ್ಲಿ ಕಂಡ ಬಲಹೀನತೆ ಇಲ್ಲೂ ಇದೆ.

ಇನ್ನು ನಮ್ಮ ಬೆಂಗಳೂರು. ಸೇನೆಯ ಡ್ರೋನ್‌ಗಳ ಮೇಲೆ ಕೆಲಸ ಮಾಡುವ, ಸರ್ಕಾರದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಪ್ರಯೋಗಾಲಯ ಇರುವುದು ಇಲ್ಲಿ. ಅದರ ಎಐ ಮತ್ತು ರೊಬೊಟಿಕ್ಸ್ ಕೇಂದ್ರವೂ ಇಲ್ಲೇ. ಹೊಸ ಆಯುಧ ತಯಾರಿಸುವಾಗಲೇ ಅದು ಕಾನೂನಿಗೆ ಹೊಂದುತ್ತದೆಯೇ ಅಂತ ಪರೀಕ್ಷಿಸಬೇಕು ಅಂತ 1977ರ ಪ್ರೋಟೋಕಾಲ್‌ನ 36ನೇ ವಿಧಿ ಹೇಳುತ್ತದೆ. ಭಾರತ ಆ ಪ್ರೋಟೋಕಾಲ್‌ಗೆ ಸೇರಿಲ್ಲ, ಹಾಗಾಗಿ ಒಪ್ಪಂದದ ಕಟ್ಟುಪಾಡು ಇಲ್ಲ. ಆದರೆ ಪರೀಕ್ಷೆ ಮಾಡಬೇಡಿ ಅಂತ ಯಾರೂ ತಡೆದಿಲ್ಲ. ಕೋಡ್ ಬರೆಯುವವರ ಮೇಜಿನ ಮೇಲೆ ಬರುವ ಪ್ರಶ್ನೆಗಳು ಬಹಳ ಸರಳ. ಎಷ್ಟು ಖಾತ್ರಿ ಇದ್ದರೆ ಯಂತ್ರ ಇದನ್ನು ಗುರಿ ಅನ್ನಬೇಕು? ಅಂಕಿಯೂ ಚಿತ್ರವೂ ಹೊಂದದಿದ್ದರೆ ಅದು ತಾನಾಗಿ ನಿಲ್ಲುತ್ತದೆಯೇ? ದಾಳಿ ಮಾಡಬಾರದ ಜಾಗಗಳ ಪಟ್ಟಿ ಇಲ್ಲದೆ ಅದು ಹಾರಬಲ್ಲದೇ? ನಡೆಸುವವನು ಏನನ್ನು ಎಷ್ಟು ಸೆಕೆಂಡು ನೋಡಿದ, ಯಾವಾಗ ಒಪ್ಪಿಗೆ ಒತ್ತಿದ ಅನ್ನೋದು ಅಳಿಸಲಾಗದ ಹಾಗೆ ದಾಖಲಾಗುತ್ತದೆಯೇ? ಈ ಕೊನೆಯದನ್ನು ನಾನು ಎಲ್ಲಕ್ಕಿಂತ ಮುಖ್ಯ ಅಂತ ನಂಬುತ್ತೇನೆ. ಆ ದಾಖಲೆ ಇದ್ದರೆ ಮುಂದೊಂದು ದಿನ ಯಾವುದಾದರೂ ನ್ಯಾಯಾಧೀಶರು "ನಿಮಗೇನು ಗೊತ್ತಿತ್ತು" ಅಂತ ಕೇಳಿದಾಗ ಉತ್ತರ ಸಿಗುತ್ತದೆ.